ಮರಳಿಸಬೇಕಾದ ಮಗು: ಕ್ರೈಸ್ತ ಕುಟುಂಬ, ಪೋಷಕತ್ವ ಮತ್ತು ಭಾರತದ ಕಾನೂನು

ಕನ್ನಡದಲ್ಲಿ ‘ಸಾಕುಮಗ’ ಎಂದರೆ ದತ್ತು ತಂದವನೂ ಆದೀತು, ಕೆಲವು ಕಾಲ ಮನೆಯಲ್ಲಿಟ್ಟುಕೊಂಡು ಸಲಹಿದವನೂ ಆದೀತು. ಕಾನೂನಿಗೆ ಇವೆರಡೂ ಬೇರೆ ಬೇರೆ. ದತ್ತಕದಲ್ಲಿ ಹೆತ್ತವರ ಹಕ್ಕು ಕೊನೆಗೊಂಡು ಮಗು ಹೊಸ ಮನೆಯದಾಗುತ್ತದೆ. ಪೋಷಕತ್ವದಲ್ಲಿ, ಅಂದರೆ ಫಾಸ್ಟರ್ ಕೇರ್‌ನಲ್ಲಿ, ಮಗು ಇನ್ನೊಬ್ಬರದಾಗಿಯೇ ಉಳಿದು ನಮ್ಮ ಮನೆಯಲ್ಲಿ ಬೆಳೆಯುತ್ತದೆ. ಕ್ರೈಸ್ತ ಸಾಕುತಂದೆತಾಯಿಯರ ಸಂತೋಷವನ್ನೂ ಸಂಕಟವನ್ನೂ ಅರಿಯಲು ಈ ವ್ಯತ್ಯಾಸದಿಂದಲೇ ಹೊರಡಬೇಕು ಎಂಬುದು ಈ ಲೇಖನದ ವಾದ.

ಈ ಎರಡರ ಬೆರಕೆಗೆ ಚಾರಿತ್ರಿಕ ಕಾರಣವೂ ಇದೆ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ ಹಿಂದೂ, ಬೌದ್ಧ, ಜೈನ, ಸಿಖ್ಖರಿಗೆ ಮಾತ್ರ ಅನ್ವಯಿಸಿತು. ಮಗುವನ್ನು ತಂದ ಬಹುಪಾಲು ಕ್ರೈಸ್ತ ದಂಪತಿಗಳು 1890ರ ಪಾಲಕರು ಮತ್ತು ಪಾಲ್ಯರ ಕಾಯ್ದೆಯ ಮೊರೆಹೋಗಬೇಕಾಯಿತು. ಮನೆಯಲ್ಲಿ ‘ಅಪ್ಪ’ ಎನಿಸಿಕೊಂಡವನು ಕಡತದಲ್ಲಿ ಬರೀ ಪಾಲಕ. ಮಗು ವಯಸ್ಸಿಗೆ ಬಂದರೆ ಆ ಸಂಬಂಧವೂ ಮುಗಿಯಿತು. ಬಾಲನ್ಯಾಯ ಕಾಯ್ದೆಗೆ 2006ರಲ್ಲಿ ಆದ ತಿದ್ದುಪಡಿ ಮತ್ತು 2014ರ ಶಬನಂ ಹಾಶ್ಮಿ ಪ್ರಕರಣದ ಸುಪ್ರೀಂ ಕೋರ್ಟ್ ತೀರ್ಪು ಯಾವ ಧರ್ಮದವರಾದರೂ ದತ್ತು ಪಡೆಯಬಹುದು ಎಂಬುದನ್ನು ಖಚಿತಪಡಿಸಿದವು. ಪೋಷಕತ್ವವನ್ನೇ ಆರಿಸಿಕೊಳ್ಳುವ ಕ್ರೈಸ್ತರಿಗೆ ಇಂದು ಅದು ದತ್ತಕದ ಬದಲಿಯಲ್ಲ, ಬೇರೆಯದೇ ಕರೆ.

ಸಭೆಗಳ ಪ್ರಸಂಗಗಳಲ್ಲಿ ಮಾತ್ರ ಹಳೆಯ ಬೆರಕೆ ಇನ್ನೂ ಹೋಗಿಲ್ಲ. ವಿಶ್ವಾಸಿಗಳನ್ನು ದೇವರು ಮಕ್ಕಳನ್ನಾಗಿ ಸ್ವೀಕರಿಸಿದನೆಂಬ ಪೌಲನ ಮಾತನ್ನೇ ಎರಡಕ್ಕೂ ಆಧಾರವಾಗಿ ಎತ್ತಿಕೊಳ್ಳುತ್ತಾರೆ. ಪೌಲ ಹೇಳುವುದು ಶಾಶ್ವತವಾದ ಪುತ್ರತ್ವವನ್ನು. ಪೋಷಕತ್ವಕ್ಕೆ ಹೊಂದುವ ಕಥೆ ವಿಮೋಚನಕಾಂಡದ ಎರಡನೆಯ ಅಧ್ಯಾಯದಲ್ಲಿದೆ. ನದಿಯಲ್ಲಿ ಸಿಕ್ಕ ಕೂಸಿಗೆ ಹಾಲೂಡಿಸಲು ಫರೋಹನ ಮಗಳು ಒಬ್ಬಳನ್ನು ನೇಮಿಸಿ ಸಂಬಳ ಕೊಡುತ್ತಾಳೆ. ಆಕೆ ಆ ಕೂಸಿನ ಹೆತ್ತ ತಾಯಿಯೇ. ತನ್ನ ಮಗುವನ್ನು ತಾನೇ ಕೂಲಿಗೆ ಸಾಕಿ, ಬೆಳೆದ ಮೇಲೆ ಅರಮನೆಗೆ ಒಪ್ಪಿಸಿ ಬರುತ್ತಾಳೆ. ಸಂಬಳ, ಅವಧಿ, ಹಸ್ತಾಂತರ ಎಲ್ಲವೂ ಅಲ್ಲಿವೆ. (ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಡಿ ಸಾಕುಮನೆಗೆ ಇಂದು ಮಗುವೊಂದಕ್ಕೆ ತಿಂಗಳಿಗೆ 4,000 ರೂಪಾಯಿ. ‘ದುಡ್ಡಿಗಾಗಿ ಸಾಕುತ್ತಾರೆ’ ಎಂದು ಆಡಿಕೊಳ್ಳುವವರು ಈ ಅಧ್ಯಾಯವನ್ನೊಮ್ಮೆ ಓದಬೇಕು.)

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಮಗುವಿನ ಧರ್ಮದ ಪ್ರಶ್ನೆ. 1890ರ ಕಾಯ್ದೆಯ 17ನೇ ಸೆಕ್ಷನ್ ಪಾಲಕರನ್ನು ನೇಮಿಸುವಾಗ ಮಗುವಿನ ಧರ್ಮವನ್ನೂ ಗಮನಿಸಬೇಕೆನ್ನುತ್ತದೆ. ಭಾರತ 1992ರಲ್ಲಿ ಒಪ್ಪಿಕೊಂಡ ಮಕ್ಕಳ ಹಕ್ಕುಗಳ ಒಡಂಬಡಿಕೆಯ 20ನೇ ವಿಧಿಯೂ ಮಗುವಿನ ಧಾರ್ಮಿಕ, ಭಾಷಿಕ ಹಿನ್ನೆಲೆಗೆ ಬೆಲೆ ಕೊಡಬೇಕೆನ್ನುತ್ತದೆ. ಆದರೆ 2015ರ ಬಾಲನ್ಯಾಯ ಕಾಯ್ದೆಯ 44ನೇ ಸೆಕ್ಷನ್ ಸಾಕುಮನೆಯ ಹೊಣೆಯಾಗಿ ಹೆಸರಿಸುವುದು ಶಿಕ್ಷಣ, ಆರೋಗ್ಯ, ಪೌಷ್ಟಿಕ ಆಹಾರ ಮತ್ತು ಒಟ್ಟಾರೆ ಕ್ಷೇಮವನ್ನು. ಪ್ರಾರ್ಥನೆಯ ಮಾತು ಅಲ್ಲಿಲ್ಲ.

ಮಂಗಳೂರಿನ ಒಂದು ಕಥೋಲಿಕ ಮನೆಯನ್ನು ಊಹಿಸಿಕೊಳ್ಳಿ. ಸಂಜೆ ಮನೆಮಂದಿಯೆಲ್ಲ ತೇರ್ಸ್‌ಗೆ, ಅಂದರೆ ಜಪಮಾಲೆಯ ಪ್ರಾರ್ಥನೆಗೆ, ಮೊಣಕಾಲೂರಿದ್ದಾರೆ. ವಾರದ ಹಿಂದೆ ಬಂದ ಎಂಟು ವರ್ಷದ ಹಿಂದೂ ಹುಡುಗಿ ಬಾಗಿಲ ಬಳಿ ನಿಂತಿದ್ದಾಳೆ. ಒಳಗೆ ಕರೆದರೆ ಮತಾಂತರದ ಗುಮಾನಿ. ಕರೆಯದಿದ್ದರೆ ಮನೆಯೊಳಗೇ ಅವಳು ಪರಕೀಯಳು. ಅಪ್ರಾಪ್ತರ ಮತಾಂತರಕ್ಕೆ ಹೆಚ್ಚಿನ ಶಿಕ್ಷೆ ಗೊತ್ತುಮಾಡಿದ 2022ರ ಕರ್ನಾಟಕ ಕಾಯ್ದೆಯ ರದ್ದತಿಗೆ ರಾಜ್ಯ ಸಂಪುಟ 2023ರಲ್ಲಿ ತೀರ್ಮಾನಿಸಿತು. ಕಾಯ್ದೆಯ ಗತಿ ಏನೇ ಇರಲಿ, ನೆರೆಹೊರೆಯ ಕಣ್ಣು ಇದ್ದೇ ಇರುತ್ತದೆ. ಅಮೆರಿಕದ ಚರ್ಚೆ ಬೇರೆ ದಿಕ್ಕಿನದು. ಫಿಲಡೆಲ್ಫಿಯಾ ನಗರ ಮತ್ತು ಕಥೋಲಿಕ ಸಂಸ್ಥೆಯೊಂದರ ನಡುವೆ ನಡೆದು 2021ರಲ್ಲಿ ತೀರ್ಮಾನವಾದ ಮೊಕದ್ದಮೆಯ ಪ್ರಶ್ನೆ, ಸಲಿಂಗ ದಂಪತಿಗಳನ್ನು ಸಂಸ್ಥೆ ಸಾಕುಪೋಷಕರೆಂದು ಒಪ್ಪಲೇಬೇಕೆ ಎಂಬುದು. ಅಲ್ಲಿ ವಿವಾದ ಸಾಕುವವರ ಬಗ್ಗೆ, ನಮ್ಮಲ್ಲಿ ಮಗುವಿನ ಬಗ್ಗೆ. ನನ್ನ ಅಭಿಪ್ರಾಯದಲ್ಲಿ ಹುಡುಗಿಯನ್ನು ಒಳಗೆ ಕೂರಿಸಿಕೊಳ್ಳಬೇಕು, ಬಾಯಿಪಾಠ ಮಾಡಿಸಬಾರದು, ದೀಪಾವಳಿಗೆ ಅವಳ ಕೈಯಲ್ಲೇ ಹಣತೆ ಹಚ್ಚಿಸಬೇಕು. ಅನಾಥರ ಆರೈಕೆಯೇ ನಿರ್ಮಲ ಭಕ್ತಿ ಎನ್ನುವ ಯಾಕೋಬನ ಪತ್ರಿಕೆ ಆ ಆರೈಕೆಗೆ ಮತಾಂತರದ ಷರತ್ತು ಹಾಕುವುದಿಲ್ಲ.

ಸಂತೋಷಗಳ ಪಟ್ಟಿ ಬೇಕಿಲ್ಲ. ಬಂದ ಹೊಸತರಲ್ಲಿ ಚಪಾತಿಯನ್ನು ದಿಂಬಿನಡಿ ಬಚ್ಚಿಡುತ್ತಿದ್ದ ಮಗು ಒಂದು ದಿನ ತಟ್ಟೆಯಲ್ಲೇ ಅರ್ಧ ಬಿಟ್ಟು ಆಟಕ್ಕೆ ಓಡಿದರೆ, ನಾಳೆಯೂ ಊಟ ಸಿಗುತ್ತದೆಂಬ ನಂಬಿಕೆ ಅದಕ್ಕೆ ಬಂದಿದೆ ಎಂದರ್ಥ. ಸಾಕಿದವರಿಗೆ ಅಷ್ಟು ಸಾಕು.

ಆದರೆ ಆ ನಂಬಿಕೆ ಬೇರೂರುವ ಹೊತ್ತಿಗೇ ಮಗುವನ್ನು ಮರಳಿಸಬೇಕೆಂಬ ಮಕ್ಕಳ ಕಲ್ಯಾಣ ಸಮಿತಿಯ ಆದೇಶ ಬರಬಹುದು. ಪೋಷಕತ್ವದ ಬಗೆಗಿನ 2024ರ ಪರಿಷ್ಕೃತ ಮಾರ್ಗಸೂಚಿ ಎರಡು ವರ್ಷ ಸಾಕಿದವರಿಗೆ ದತ್ತಕದ ದಾರಿಯನ್ನು ತೆರೆದಿದೆಯಾದರೂ, ಹೆತ್ತವರು ಸಮರ್ಥರಾದರೆ ಮಗು ಅವರಲ್ಲಿಗೇ ಮರಳಬೇಕೆಂಬುದು ಬಾಲನ್ಯಾಯ ಕಾಯ್ದೆಯ ಆಶಯ. ಅದು ಸರಿಯೂ ಹೌದು. ಮಗು ಸಾಕುಮನೆಯಲ್ಲಿರುವಾಗ ಹೆತ್ತವರು ಬಂದು ನೋಡಲು 44ನೇ ಸೆಕ್ಷನ್ ಅವಕಾಶ ಕೊಟ್ಟಿದೆ. ಮಗು ಮರಳಿದ ಮೇಲೆ ಸಾಕಿದವರು ಹೋಗಿ ನೋಡುವ ಬಗ್ಗೆ ಅದರಲ್ಲಿ ಒಂದು ಸಾಲೂ ಇಲ್ಲ.