ಹ್ಯಾಲಿಬಟ್ ಮೀನಿನ ಒಡಂಬಡಿಕೆ

ನೆಲಕ್ಕೆ ಎಲ್ಲೆಯುಂಟು, ಕಡಲಿನ ಮೀನಿಗೆ ಎಲ್ಲೆಯಿಲ್ಲ. ಕೆರೆಕಟ್ಟೆಗಳ ಮೀನಿನ ಮೇಲೆ ಅರಸನಿಗೆ ಒಡೆತನವುಂಟೆಂದು ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ವಿಧಿಸಿರುವನು. ಆದರೆ ಒಂದು ರಾಜ್ಯದ ತೀರದಲ್ಲಿ ಹುಟ್ಟಿ ಇನ್ನೊಂದು ರಾಜ್ಯದ ತೀರದಲ್ಲಿ ಬೆಳೆಯುವ ಮೀನಿಗೆ ಒಡೆಯನು ಯಾರು? ಒಡೆಯನಿಲ್ಲದ ಸೊತ್ತನ್ನು ಸೂರೆಗೈವವರು ಅನೇಕರು, ಕಾಯುವವರು ವಿರಳ. ಇಂತಹ ಸೊತ್ತೊಂದನ್ನು ಎರಡು ರಾಷ್ಟ್ರಗಳು ಕೂಡಿ ಕಾಯಲು ತೊಡಗಿ ನೂರು ವರ್ಷಗಳು ಸಂದಿವೆ. ಅಮೆರಿಕಾ ಸಂಯುಕ್ತ ಸಂಸ್ಥಾನವೂ ಕೆನಡಾ ದೇಶವೂ ೧೯೨೩ರಲ್ಲಿ ಮಾಡಿಕೊಂಡ ಹ್ಯಾಲಿಬಟ್ ಒಡಂಬಡಿಕೆಯ ಚರಿತ್ರೆಯು ಆ ಕಾರಣದಿಂದ ಮನನೀಯವಾದುದು.

ಹ್ಯಾಲಿಬಟ್ ಎಂಬುದು ಉತ್ತರ ಶಾಂತಸಾಗರದ ತಣ್ಣೀರಿನಲ್ಲಿ ವಾಸಿಸುವ ಚಪ್ಪಟೆ ಮೀನು. ನಮ್ಮ ಕರಾವಳಿಯ ನಂಗು ಮೀನಿಗೆ ದೂರದ ಬಂಧು. ಮರಿಯಾಗಿದ್ದಾಗ ಇದರ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುವು; ಬೆಳೆಯುತ್ತ ಎಡಗಣ್ಣು ಸರಿದು ಬಲಗಡೆಗೆ ಬರುವುದು. ಹೆಣ್ಣುಮೀನು ಇನ್ನೂರು ಕಿಲೋಗ್ರಾಂಗಳನ್ನು ಮೀರಿ ತೂಗುವುದೂ ಉಂಟು. ಆದರೆ ಅದು ಮೊಟ್ಟೆಯಿಡಲು ಸುಮಾರು ಹನ್ನೆರಡು ವರ್ಷಗಳು ಬೇಕು. ಚಳಿಗಾಲದಲ್ಲಿ ಆಳವಾದ ನೀರಿನಲ್ಲಿ ಇಟ್ಟ ಮೊಟ್ಟೆಗಳೂ ಅವುಗಳಿಂದ ಹೊರಟ ಮರಿಗಳೂ ಪ್ರವಾಹದೊಡನೆ ನೂರಾರು ಮೈಲಿ ತೇಲಿ ಹೋಗುವುವು. ಬೆಳೆದ ಬಳಿಕ ಮೀನುಗಳು ಮತ್ತೆ ಪೂರ್ವಕ್ಕೂ ದಕ್ಷಿಣಕ್ಕೂ ವಲಸೆ ಬರುವುವು. ಅಲಾಸ್ಕಾದ ಕಡಲಿನಲ್ಲಿ ಮರಿಯಾಗಿದ್ದುದು ಕೆನಡಾದವನ ಗಾಳಕ್ಕೆ ಬೀಳುವುದರಲ್ಲಿ ಆಶ್ಚರ್ಯವಿಲ್ಲ. ತಡವಾಗಿ ಬೆಳೆಯುವ, ದೂರ ಸಂಚರಿಸುವ ಇಂತಹ ಮೀನನ್ನು ಒಂದೇ ರಾಷ್ಟ್ರವು ಕಾಯಲಾರದು.

ಮಕಾ, ಹೈಡಾ, ಟ್ಲಿಂಗಿಟ್ ಮೊದಲಾದ ಆ ತೀರದ ಮೂಲನಿವಾಸಿಗಳು ಮರದಲ್ಲಿ ಕೆತ್ತಿದ ಗಾಳಗಳಿಂದ ಅನಾದಿಕಾಲದಿಂದ ಹ್ಯಾಲಿಬಟ್ಟನ್ನು ಹಿಡಿಯುತ್ತಿದ್ದರು. ದೊಡ್ಡ ವ್ಯಾಪಾರವು ಮೊದಲಾದುದು ೧೮೮೮ರಲ್ಲಿ. ಖಂಡವನ್ನು ದಾಟುವ ರೈಲುಮಾರ್ಗವು ಆ ವೇಳೆಗೆ ಶಾಂತಸಾಗರದ ತೀರವನ್ನು ಮುಟ್ಟಿದ್ದುದರಿಂದ, ಮಂಜುಗಡ್ಡೆಯಲ್ಲಿಟ್ಟ ಮೀನನ್ನು ಪೂರ್ವದ ಪಟ್ಟಣಗಳಿಗೆ ಕಳುಹಿಸಲು ಸಾಧ್ಯವಾಯಿತು. ಹಾಯಿಹಡಗುಗಳ ಬಳಿಕ ಉಗಿಹಡಗುಗಳು ಬಂದುವು. ಅನಂತರ ಎಣ್ಣೆಯ ಯಂತ್ರದ ದೋಣಿಗಳು ಬಂದುವು. ಹತ್ತಿರದ ನೆಲೆಗಳು ಬರಿದಾದಂತೆಲ್ಲ ಬೆಸ್ತರು ದೂರದ ನೆಲೆಗಳಿಗೆ ಹೋದರು. ಹೀಗಾಗಿ ಒಟ್ಟು ಹಿಡುವಳಿಯು ಕೆಲವು ಕಾಲ ಏರುತ್ತಲೇ ಇತ್ತು. ೧೯೧೫ರಲ್ಲಿ ೬ ಕೋಟಿ ೯೦ ಲಕ್ಷ ಪೌಂಡುಗಳನ್ನು ಮುಟ್ಟಿ, ಆಮೇಲೆ ಇಳಿಯತೊಡಗಿತು. ಏರಿಕೆಯೇ ಕ್ಷಯವನ್ನು ಮರೆಮಾಡಿದ್ದಿತು.

ಚಳಿಗಾಲದಲ್ಲಿ ಮೀನುಗಾರಿಕೆಯನ್ನು ನಿಲ್ಲಿಸಬೇಕೆಂದು ಎರಡು ದೇಶಗಳ ಮೀನುಗಾರರೂ ವರ್ತಕರೂ ತಾವೇ ಕೇಳಿಕೊಂಡರು. ಕೊನೆಗೆ ೧೯೨೩ನೆಯ ಇಸವಿ ಮಾರ್ಚಿ ೨ರಂದು ವಾಷಿಂಗ್ಟನ್ನಿನಲ್ಲಿ ಒಡಂಬಡಿಕೆಗೆ ಸಹಿಯಾಯಿತು. ಅದುವರೆಗೆ ಕೆನಡಾದ ಒಪ್ಪಂದಗಳಿಗೆ ಬ್ರಿಟಿಷ್ ರಾಯಭಾರಿಯೂ ಸಹಿ ಹಾಕುತ್ತಿದ್ದುದು ರೂಢಿ. ಮೀನಿನ ವಿಷಯವು ತಮ್ಮ ದೇಶದ್ದೆಂದು ಪ್ರಧಾನಿ ಮೆಕೆಂಜಿ ಕಿಂಗ್ ಹಟ ಹಿಡಿದುದರಿಂದ, ಮಂತ್ರಿ ಅರ್ನೆಸ್ಟ್ ಲಪ್ವಾಂಟ್ ಒಬ್ಬರೇ ಕೆನಡಾದ ಪರವಾಗಿ ಸಹಿ ಮಾಡಿದರು. ಸಾಮ್ರಾಜ್ಯದೊಳಗಿದ್ದ ಒಂದು ದೇಶವು ಸ್ವತಂತ್ರವಾಗಿ ಒಡಂಬಡಿಕೆ ಮಾಡಿಕೊಳ್ಳುವ ಅಧಿಕಾರಕ್ಕೆ ಮೀನೊಂದು ನಿಮಿತ್ತವಾಯಿತು.

ಒಡಂಬಡಿಕೆಯು ವಿಧಿಸಿದುದು ಅಲ್ಪವೇ. ನವೆಂಬರ್ ೧೬ರಿಂದ ಫೆಬ್ರವರಿ ೧೫ರವರೆಗೆ ಮೀನುಗಾರಿಕೆಗೆ ತಡೆ. ನಾಲ್ವರು ಸದಸ್ಯರ ಒಂದು ಆಯೋಗ. ಮೀನಿನ ಜೀವಿತವನ್ನು ಕುರಿತು ಸಂಶೋಧನೆ. ಮೂರು ತಿಂಗಳು ಸುಮ್ಮನಿದ್ದವನು ಉಳಿದ ಒಂಬತ್ತು ತಿಂಗಳಲ್ಲಿ ಇನ್ನೂ ಹೆಚ್ಚು ಹಿಡಿಯಬಹುದಷ್ಟೆ. ಆದರೆ ಸಂಶೋಧನೆಯ ಅಂಶವು ಫಲ ಕೊಟ್ಟಿತು. ಆಯೋಗದ ನಿರ್ದೇಶಕರಾದ ವಿಲಿಯಂ ಥಾಂಪ್ಸನ್ ಹಡಗುಗಳ ದಿನಚರಿಗಳನ್ನು ಕೂಡಿಸಿ ಲೆಕ್ಕ ಹಾಕಿಸಿದರು. ಹಳೆಯ ನೆಲೆಗಳಲ್ಲಿ ಗಾಳದ ಹಗ್ಗದ ಒಂದು ಕಟ್ಟಿಗೆ ೧೯೦೬ರಲ್ಲಿ ಸುಮಾರು ೩೦೦ ಪೌಂಡು ಮೀನು ದೊರೆಯುತ್ತಿದ್ದರೆ, ೧೯೨೬ರ ವೇಳೆಗೆ ೫೦ ಪೌಂಡೂ ದೊರೆಯದಂತಾಗಿತ್ತು. ಎರಡು ದೇಶಗಳೂ ಈ ಲೆಕ್ಕವನ್ನು ತಮ್ಮದೆಂದು ಸ್ವೀಕರಿಸಿದುದರಿಂದ ವಾದಕ್ಕೆ ಎಡೆಯಿಲ್ಲವಾಯಿತು. ೧೯೩೦ರ ಹೊಸ ಒಡಂಬಡಿಕೆಯು, ಕಡಲನ್ನು ವಿಭಾಗಿಸಿ ಒಂದೊಂದು ವಿಭಾಗಕ್ಕೂ ಹಿಡುವಳಿಯ ಮಿತಿಯನ್ನು ಗೊತ್ತುಮಾಡುವ ಅಧಿಕಾರವನ್ನು ಆಯೋಗಕ್ಕೆ ಕೊಟ್ಟಿತು.

ಮೀನುಗಳು ಮತ್ತೆ ಹೆಚ್ಚಿದುವು. ಇದು ಮಿತಿಯ ಫಲವೆಂದು ಥಾಂಪ್ಸನ್ ಹೇಳಿದರು. ಪ್ರಕೃತಿಯ ಸಹಜವಾದ ಏರಿಳಿತವಿರಬಹುದೆಂದು ಮಾರ್ಟಿನ್ ಬರ್ಕನ್‌ರೋಡ್ ಆಕ್ಷೇಪಿಸಿದರು. ವಿದ್ವಾಂಸರ ಈ ಚರ್ಚೆಗಿಂತ ಮೀನುಗಾರರನ್ನು ಬಾಧಿಸಿದ ದೋಷವು ಬೇರೊಂದಿತ್ತು. ಮೀನಿಗೆ ಮಿತಿಯಿತ್ತು, ದೋಣಿಗಳಿಗೆ ಮಿತಿಯಿರಲಿಲ್ಲ. ಮಿತಿ ಮುಗಿಯುವುದರೊಳಗೆ ತನ್ನ ಪಾಲನ್ನು ದೊರಕಿಸಿಕೊಳ್ಳಲು ಪ್ರತಿಯೊಬ್ಬನೂ ಧಾವಿಸಿದನು. ೧೯೫೦ರ ಸುಮಾರಿಗೆ ಕೆಲವು ವಿಭಾಗಗಳಲ್ಲಿ ಋತುವು ಒಂದು ತಿಂಗಳಿಗೆ ಕುಗ್ಗಿತು. ೧೯೯೦ರ ಹೊತ್ತಿಗೆ ಕೆನಡಾದಲ್ಲಿ ಅದು ಕೆಲವೇ ದಿನಗಳಾಗಿ, ಅಲಾಸ್ಕಾದ ಮುಖ್ಯ ನೆಲೆಗಳಲ್ಲಿ ಇಪ್ಪತ್ತುನಾಲ್ಕು ಗಂಟೆಗಳ ಎರಡು ಮೂರು ಸರದಿಗಳಾಗಿ ಉಳಿಯಿತು. ಗೊತ್ತಾದ ದಿನ ಬಿರುಗಾಳಿಯೆದ್ದರೂ ದೋಣಿಗಳು ಹೊರಡಬೇಕಾಗಿತ್ತು. ನಿದ್ದೆಗೆಟ್ಟು ಗಾಳವೆಳೆದವರಲ್ಲಿ ಕಡಲಿನ ಪಾಲಾದವರೂ ಉಂಟು. ಮೀನನ್ನು ಉಳಿಸುವ ನಿಯಮವು ಮನುಷ್ಯನನ್ನು ಬಲಿಗೊಳ್ಳುತ್ತಿದ್ದಿತು.

ನಡುವೆ ಇನ್ನೊಂದು ವಿಪತ್ತೂ ಬಂದಿತು. ೧೯೬೦ರ ದಶಕದಲ್ಲಿ ಜಪಾನ್, ಸೋವಿಯತ್ ಮೊದಲಾದ ದೇಶಗಳ ದೊಡ್ಡ ಹಡಗುಗಳು ಬೇರೆ ಮೀನುಗಳಿಗಾಗಿ ತಳಬಲೆಗಳನ್ನು ಎಳೆಯುತ್ತ, ಹ್ಯಾಲಿಬಟ್ಟಿನ ಎಳೆಯ ಮೀನುಗಳನ್ನೂ ಬಾಚಿದುವು. ಈ ದೇಶಗಳು ಹ್ಯಾಲಿಬಟ್ ಆಯೋಗಕ್ಕೆ ಸೇರಿದವುಗಳಲ್ಲ. ಆಯೋಗವೇ ಮಿತಿಯನ್ನು ಉದಾರವಾಗಿ ಇಟ್ಟಿದ್ದುದೂ ಕ್ಷಯಕ್ಕೆ ಒಂದು ಕಾರಣ. ೧೯೭೪ರಲ್ಲಿ ಹಿಡುವಳಿಯು ಸುಮಾರು ೨ ಕೋಟಿ ಪೌಂಡುಗಳಿಗೆ ಇಳಿಯಿತು. ಬಳಿಕ ೧೯೭೭ರಲ್ಲಿ ಎರಡು ದೇಶಗಳೂ ತೀರದಿಂದ ಇನ್ನೂರು ಮೈಲಿಗಳವರೆಗೆ ತಮ್ಮ ಅಧಿಕಾರವನ್ನು ವಿಸ್ತರಿಸಿದುವು. ೧೯೭೯ರ ತಿದ್ದುಪಡಿಯಿಂದ ಒಬ್ಬರ ನೀರಿನಲ್ಲಿ ಇನ್ನೊಬ್ಬರು ಹಿಡಿಯುವುದು ಕೊನೆಗಂಡಿತು. ನೀರು ಹಂಚಿಹೋದರೂ ಆಯೋಗವು ಉಳಿಯಿತು, ಏಕೆಂದರೆ ಮೀನು ಹಂಚಿಹೋಗಿರಲಿಲ್ಲ.

ಧಾವಂತಕ್ಕೆ ಪರಿಹಾರವು ಕೆನಡಾದಲ್ಲಿ ೧೯೯೧ರಲ್ಲಿಯೂ ಅಲಾಸ್ಕಾದಲ್ಲಿ ೧೯೯೫ರಲ್ಲಿಯೂ ದೊರೆಯಿತು. ಒಟ್ಟು ಮಿತಿಯೊಳಗೆ ಒಬ್ಬೊಬ್ಬರಿಗೆ ಇಷ್ಟು ಪಾಲೆಂದು ಮೊದಲೇ ನಿಶ್ಚಯಿಸಿದರು. ಪಾಲು ಗೊತ್ತಾದ ಮೇಲೆ ಬಿರುಗಾಳಿಯಲ್ಲಿ ಹೊರಡುವ ಅಗತ್ಯವು ತಪ್ಪಿತು. ಋತುವು ಎಂಟು ತಿಂಗಳಿಗೆ ಹಿಗ್ಗಿತು. ಆದರೆ ಪಾಲುಗಳು ಕ್ರಯವಿಕ್ರಯಕ್ಕೆ ಒಳಪಟ್ಟು, ಅಲಾಸ್ಕಾದ ಸಣ್ಣ ಹಳ್ಳಿಗಳ ಅನೇಕರು ತಮ್ಮದನ್ನು ಮಾರಿ ಬರಿಗೈಯಾದರೆಂಬುದನ್ನೂ ಹೇಳದಿರಲಾಗದು.

ಸಂಕಟವು ಇಂದಿಗೂ ಮುಗಿದಿಲ್ಲ. ಇತ್ತೀಚಿನ ವರ್ಷಗಳಲ್ಲಿ ಮೀನಿನ ಸಂತತಿಯು ಕುಗ್ಗಿ, ಮಿತಿಗಳನ್ನು ಬಹಳವಾಗಿ ತಗ್ಗಿಸಬೇಕಾಗಿದೆ. ಆದರೂ ಪ್ರತಿವರ್ಷ ಎರಡು ದೇಶಗಳಿಂದ ಮೂವರಂತೆ ಆರು ಮಂದಿ ಸದಸ್ಯರು ಒಂದೇ ಲೆಕ್ಕವನ್ನು ಮುಂದಿಟ್ಟುಕೊಂಡು ಕಲೆಯುವರು. ಎರಡು ಪಕ್ಷಗಳಲ್ಲಿಯೂ ಬಹುಮತವಿಲ್ಲದೆ ಯಾವ ನಿರ್ಣಯವೂ ಸಾಗದು. ದೊಡ್ಡ ಮೀನು ಚಿಕ್ಕ ಮೀನನ್ನು ನುಂಗುವುದನ್ನು ಪ್ರಾಚೀನರು ಮತ್ಸ್ಯನ್ಯಾಯವೆಂದರು. ಮೀನಿಗೆ ಅದು ಸ್ವಭಾವ. ಮನುಷ್ಯನು ಅದನ್ನು ಬಿಡಬೇಕಾದರೆ ಸದುದ್ದೇಶವೊಂದೇ ಸಾಲದು. ಇಬ್ಬರೂ ನಂಬುವ ಲೆಕ್ಕವೂ, ತಪ್ಪಿದಾಗ ನಿಯಮವನ್ನು ತಿದ್ದುವ ತಾಳ್ಮೆಯೂ ಬೇಕು. ಈ ಒಡಂಬಡಿಕೆಯು ನೂರು ವರ್ಷಗಳಲ್ಲಿ ಕಡಲನ್ನು ತುಂಬಿಸಲಿಲ್ಲ. ಬರಿದಾಗಲು ಬಿಡಲೂ ಇಲ್ಲ.