ನಿಜವೇ, ಒಳಿತೇ: ಕ್ರೈಸ್ತ ನಂಬಿಕೆಯ ಸಮರ್ಥನೆ ಸಾಗಿಬಂದ ಹಾದಿ

ಕ್ರಿ.ಶ. 155ರ ಸುಮಾರಿಗೆ ರೋಮ್‌ನಲ್ಲಿದ್ದ ತತ್ತ್ವಜ್ಞಾನಿ ಜಸ್ಟಿನ್, ಚಕ್ರವರ್ತಿ ಆಂಟೊನಿನಸ್ ಪಯಸ್‌ಗೆ ದೀರ್ಘ ಅಹವಾಲೊಂದನ್ನು ಬರೆದ. ಕ್ರೈಸ್ತರು ನಾಸ್ತಿಕರು, ಗುಟ್ಟಾಗಿ ಸೇರಿ ನರಮಾಂಸ ತಿನ್ನುತ್ತಾರೆ ಎಂಬ ಪುಕಾರು ಆಗ ಹಬ್ಬಿತ್ತು. ಜಸ್ಟಿನ್ ವಾದ ಹೂಡಿದ್ದಷ್ಟೇ ಅಲ್ಲ, ಭಾನುವಾರದ ಕೂಟದಲ್ಲಿ ನಡೆಯುವುದನ್ನೆಲ್ಲ ಬಿಡಿಸಿ ಹೇಳಿದ: ಗ್ರಂಥ ಓದುತ್ತಾರೆ, ಪ್ರಾರ್ಥಿಸುತ್ತಾರೆ, ರೊಟ್ಟಿ ಮತ್ತು ನೀರು ಬೆರೆಸಿದ ದ್ರಾಕ್ಷಾರಸ ಹಂಚಿಕೊಳ್ಳುತ್ತಾರೆ, ಉಳ್ಳವರು ಕೊಟ್ಟ ಕಾಣಿಕೆಯನ್ನು ಅನಾಥರಿಗೆ, ವಿಧವೆಯರಿಗೆ, ಸೆರೆಯಲ್ಲಿರುವವರಿಗೆ ಮುಟ್ಟಿಸುತ್ತಾರೆ. ಆರೋಪ ನಡತೆಯ ಮೇಲಿತ್ತು, ಉತ್ತರವೂ ನಡತೆಯದ್ದೇ.

410ರಲ್ಲಿ ಗಾಥರು ರೋಮ್ ಸೂರೆ ಮಾಡಿದಾಗ, ಹಳೆಯ ದೇವತೆಗಳನ್ನು ಕೈಬಿಟ್ಟದ್ದೇ ಇದಕ್ಕೆ ಕಾರಣ ಎಂಬ ದೂರು ಎದ್ದಿತು. ಅದಕ್ಕೆ ಉತ್ತರವಾಗಿ ಬಿಷಪ್ ಅಗಸ್ಟಿನ್ 22 ಭಾಗಗಳ 'ದೇವರ ನಗರ' ಬರೆದ. ಮುಂದೆ ಯುರೋಪೇ ಕ್ರೈಸ್ತವಾದ ಮೇಲೆ ಚರ್ಚೆಯ ಮುಖ ಬದಲಾಯಿತು. 13ನೇ ಶತಮಾನದಲ್ಲಿ ಥಾಮಸ್ ಅಕ್ವಿನಾಸ್ ಅರಿಸ್ಟಾಟಲನ ತರ್ಕದ ನೆರವಿನಿಂದ ದೇವರ ಅಸ್ತಿತ್ವಕ್ಕೆ ವಾದ ಕಟ್ಟಿದ. 1802ರಲ್ಲಿ ವಿಲಿಯಂ ಪೇಲಿ ಜೀವಿಗಳ ಅಚ್ಚುಕಟ್ಟಾದ ರಚನೆಯನ್ನೇ ಸಾಕ್ಷಿಯಾಗಿ ಮುಂದಿಟ್ಟ. 1859ರಲ್ಲಿ ಡಾರ್ವಿನ್ ಅದೇ ರಚನೆಗೆ ಬೇರೆ ವಿವರಣೆ ಕೊಟ್ಟಾಗ ಆ ವಾದದ ಬುಡವೇ ಅಲುಗಿತು.

ನೀತಿಯ ಪ್ರಶ್ನೆಯನ್ನು ಮತ್ತೆ ಜನರ ನಡುವೆ ತಂದವರಲ್ಲಿ ಲೇಖಕ ಸಿ.ಎಸ್. ಲೂಯಿಸ್ ಪ್ರಮುಖರು. 1941ರಲ್ಲಿ, ಮಹಾಯುದ್ಧದ ನಡುವೆ, ಬಿಬಿಸಿ ರೇಡಿಯೊದಲ್ಲಿ ಮಾತು ಶುರುಮಾಡಿದ ಅವರು ಹಿಡಿದದ್ದು ಬೈಬಲ್ ವಚನವನ್ನಲ್ಲ, ದಿನನಿತ್ಯದ ಜಗಳವನ್ನು. ನೀನು ಮಾಡಿದ್ದು ನ್ಯಾಯವೇ ಎಂದು ಒಬ್ಬ ಕೇಳಿದರೆ, ಇನ್ನೊಬ್ಬ ನ್ಯಾಯವೇ ಸುಳ್ಳು ಎನ್ನುವುದಿಲ್ಲ. ತನ್ನದು ತಪ್ಪಲ್ಲ ಎಂದು ಸಮಜಾಯಿಷಿ ಕೊಡುತ್ತಾನೆ. ಇಬ್ಬರೂ ಒಪ್ಪಿದ ಆ ಅಳತೆಗೋಲು ಎಲ್ಲಿಂದ ಬಂತು ಎಂಬುದೇ ಲೂಯಿಸರ ಪ್ರಶ್ನೆ.

1973ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಗರ್ಭಪಾತದ ಹಕ್ಕನ್ನು ಎತ್ತಿಹಿಡಿದ ಮೇಲೆ ಚರ್ಚೆ ರಾಜಕೀಯಕ್ಕೂ ಇಳಿಯಿತು. ಕ್ರೈಸ್ತ ಚಿಂತಕ ಫ್ರಾನ್ಸಿಸ್ ಶೇಫರ್ 1979ರಲ್ಲಿ ವೈದ್ಯ ಎವರೆಟ್ ಕೂಪ್ ಜೊತೆ ಸೇರಿ ಗರ್ಭಪಾತ, ದಯಾಮರಣಗಳ ವಿರುದ್ಧ ಪುಸ್ತಕ, ಚಲನಚಿತ್ರ ಎರಡನ್ನೂ ಹೊರತಂದರು. ಅತ್ತ ವಿಶ್ವವಿದ್ಯಾಲಯಗಳಲ್ಲಿ ತತ್ತ್ವಜ್ಞಾನಿ ಆಲ್ವಿನ್ ಪ್ಲಾಂಟಿಂಗ, ಲೋಕದ ಕೇಡಿಗೂ ದೇವರ ಇರವಿಗೂ ತಾರ್ಕಿಕ ವಿರೋಧವಿಲ್ಲ ಎಂದು ವಾದಿಸಿದರು.

ನಾಸ್ತಿಕ ಲೇಖಕರಾದ ರಿಚರ್ಡ್ ಡಾಕಿನ್ಸ್ 2006ರಲ್ಲಿ, ಕ್ರಿಸ್ಟೊಫರ್ ಹಿಚಿನ್ಸ್ 2007ರಲ್ಲಿ ಬರೆದ ಪುಸ್ತಕಗಳು ಧರ್ಮ ಸುಳ್ಳು ಎನ್ನುವುದರ ಜೊತೆಗೆ ಕೆಡುಕು ಎಂದೂ ಸಾರಿದವು. 2019ರಲ್ಲಿ ಇತಿಹಾಸಕಾರ ಟಾಮ್ ಹಾಲೆಂಡ್, ದುರ್ಬಲರಿಗೂ ಘನತೆಯುಂಟು ಎಂಬ ಆಧುನಿಕ ನಿಲುವಿನ ಬೇರು ಕ್ರೈಸ್ತಧರ್ಮದಲ್ಲಿದೆ ಎಂದದ್ದು ಸಮರ್ಥಕರಿಗೆ ಹೊಸ ಆಸರೆಯಾಯಿತು. ಗುಲಾಮಗಿರಿಯನ್ನು ಬೈಬಲ್ ಹಿಡಿದೇ ಸಮರ್ಥಿಸಿಕೊಂಡವರೂ ಇದ್ದರಲ್ಲ ಎಂಬ ಮರುಪ್ರಶ್ನೆ ಮಾತ್ರ ಉಳಿದೇ ಇದೆ.

ನಡತೆಯೇ ಸಾಕ್ಷಿ ಎಂದಾಗ ಸಮರ್ಥಕನೂ ಕಟಕಟೆ ಹತ್ತಬೇಕಾಗುತ್ತದೆ. ಮದ್ರಾಸಿನಲ್ಲಿ ಹುಟ್ಟಿ ಜಗತ್ಪ್ರಸಿದ್ಧ ಕ್ರೈಸ್ತ ವಾಗ್ಮಿಯಾದ ರವಿ ಜಕರಾಯಸ್ 2020ರಲ್ಲಿ ತೀರಿಕೊಂಡರು. ಮರುವರ್ಷ, ಅವರ ಸಂಸ್ಥೆಯೇ ಮಾಡಿಸಿದ ತನಿಖೆ ಅವರ ಲೈಂಗಿಕ ದುರ್ನಡತೆಯನ್ನು ದೃಢಪಡಿಸಿತು.

ಈಗ ಭಿನ್ನಮತ ಒಳಗೂ ಇದೆ. ಸಲಿಂಗ ಸಂಬಂಧದ ವಿಚಾರದಲ್ಲಿ ಅಮೆರಿಕದ ಯುನೈಟೆಡ್ ಮೆಥಡಿಸ್ಟ್ ಸಭೆಯಿಂದ ಸುಮಾರು ನಾಲ್ಕನೇ ಒಂದು ಭಾಗದಷ್ಟು ಚರ್ಚುಗಳು ಹೊರನಡೆದವು. 2024ರಲ್ಲಿ ಆ ಸಭೆ ಸಲಿಂಗಿ ಪಾದ್ರಿಗಳ ಮೇಲಿನ ನಿಷೇಧ ತೆಗೆಯಿತು. ಹೊರಗಿನವರಿಗೆ ಉತ್ತರ ಕೊಡುವ ಮೊದಲು, ಯಾವ ನಂಬಿಕೆಯನ್ನು ಸಮರ್ಥಿಸುತ್ತಿದ್ದೇವೆ ಎಂಬುದನ್ನು ಕ್ರೈಸ್ತರು ತಮ್ಮೊಳಗೇ ತೀರ್ಮಾನಿಸಿಕೊಳ್ಳಬೇಕಾಗಿದೆ.