ಪೌತಿ, ಖಾತೆ, ಪಹಣಿ: ಈ ಮಾತುಗಳು ಎಲ್ಲಿಂದ ಬಂದವು?

ಮನೆಯ ಹಿರಿಯರು ತೀರಿಕೊಂಡ ಮೇಲೆ ಊರಲ್ಲಿ ಕೇಳುವ ಮಾತು, "ಪೌತಿ ಖಾತೆ ಆಯ್ತಾ?" ಪೌತಿ ಎಂದರೆ ಸಾವು. ಅರಬ್ಬಿಯ 'ಫೌತ್' ನಮ್ಮ ಬಾಯಲ್ಲಿ ಪೌತಿ ಆಗಿದೆ. ಖಾತೆ ಅಂದರೆ ಲೆಕ್ಕದ ಪುಟ. ಸತ್ತವರ ಹೆಸರಲ್ಲಿದ್ದ ಲೆಕ್ಕವನ್ನು ಬದುಕಿರುವವರ ಹೆಸರಿಗೆ ಬರೆಯುವುದು, ಅಷ್ಟೇ ಅದರ ಅರ್ಥ.

ಯಾವ ಲೆಕ್ಕ? ಕಂದಾಯದ ಲೆಕ್ಕ. ನಮ್ಮ ಹೆಚ್ಚಿನ ಗೊಂದಲ ಹುಟ್ಟುವುದು ಇಲ್ಲೇ.

ಆದಿಲ್ ಶಾಹಿ, ಮರಾಠರು, ಟಿಪ್ಪು, ಹೀಗೆ ಆಳಿದವರ ಕಚೇರಿಗಳಿಂದ ಪಾರ್ಸಿ, ಅರಬ್ಬಿ, ಮರಾಠಿ ಮಾತುಗಳು ನಮ್ಮ ಹೊಲಕ್ಕೆ ಇಳಿದವು. ವಾರಸು, ಜಪ್ತಿ, ಜಮಾಬಂದಿ, ಖರಾಬು ಎಲ್ಲವೂ ಹಾಗೆ ಬಂದವೇ. ನಾವು ಎದೆ ತಟ್ಟಿ ಹೇಳುವ 'ಹಕ್ಕು' ಕೂಡ ಅರಬ್ಬಿಯದು! ಪಹಣಿ ಮರಾಠಿಯದು. ಅಲ್ಲಿ 'ಪಾಹಣೆ' ಅಂದರೆ ನೋಡುವುದು. ಹೊಲಕ್ಕೆ ಹೋಗಿ ಯಾರು ಉಳುತ್ತಿದ್ದಾರೆ, ಏನು ಬೆಳೆ ಇದೆ ಎಂದು ಕಣ್ಣಾರೆ ನೋಡಿ ಬರೆದದ್ದು ಪಹಣಿ.

ಬ್ರಿಟಿಷರು ಈ ಮಾತುಗಳನ್ನು ಬಿಡಲಿಲ್ಲ, ಅಳತೆಯನ್ನು ಬಿಗಿ ಮಾಡಿದರು. 1830ರ ದಶಕದಲ್ಲಿ ಪುಣೆ ಜಿಲ್ಲೆಯ ಇಂದಾಪುರದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು ಹೊಸ ಬಗೆಯ ಸರ್ವೆ ಶುರು ಮಾಡಿದರು. 33 ಅಡಿ ಉದ್ದ, 33 ಅಡಿ ಅಗಲ ಸೇರಿದರೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಪ್ರತಿ ಹೊಲಕ್ಕೂ ಒಂದು ನಂಬರು, ಮಣ್ಣಿನ ಗುಣ ನೋಡಿ ಕಂದಾಯ. ಮುಂಬಯಿ ಪ್ರಾಂತ್ಯದಲ್ಲಿದ್ದ ಧಾರವಾಡದ ಕಡೆಗೂ ಇದು ಬಂತು. 1863ರಲ್ಲಿ ಮೈಸೂರು ಸಂಸ್ಥಾನವೂ ಇದೇ ಪದ್ಧತಿಯ ಸರ್ವೆ ಆರಂಭಿಸಿತು. ಇವತ್ತಿಗೂ ನಮ್ಮ ಸರ್ವೆ ನಂಬರು ಅದರ ಸಂತಾನವೇ.

ಆ ಸರ್ವೆಯವರ ಮುಖ್ಯ ಪ್ರಶ್ನೆ "ಈ ಹೊಲದ ಕಂದಾಯ ಯಾರು ಕಟ್ಟುತ್ತಾರೆ?" ಎಂಬುದು. ಮನೆಯಲ್ಲಿ ಯಾರಿಗೆಲ್ಲ ಪಾಲಿದೆ ಎಂದು ವಿಚಾರಿಸುವುದು ಅವರ ಕೆಲಸವಾಗಿರಲಿಲ್ಲ. ಕಂದಾಯ ಕಟ್ಟುವವನ ಹೆಸರು ಪುಸ್ತಕಕ್ಕೆ ಹೋಯಿತು, ಅದು ಬಹುಮಟ್ಟಿಗೆ ಗಂಡಸಿನ ಹೆಸರು. ಕಾಗದ ಬದಲಾಯಿತು, ಕಂಪ್ಯೂಟರು ಬಂತು, ರೂಢಿ ಮಾತ್ರ ಹಾಗೇ ಉಳಿಯಿತು.

ಈಗಿನ ಕಾನೂನು ಏನು ಹೇಳುತ್ತದೆ? 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 133ನೇ ಕಲಂ ಪ್ರಕಾರ, ಪಹಣಿಯಲ್ಲಿ ಬರೆದದ್ದು ಸುಳ್ಳೆಂದು ತೋರಿಸುವ ತನಕ ನಿಜವೆಂದು ಭಾವಿಸಬೇಕು. ಅಂದರೆ ಸುಳ್ಳೆಂದು ತೋರಿಸುವ ದಾರಿ ಇದೆ. ಖಾತೆ ಬದಲಾವಣೆಯಿಂದ ಮಾಲೀಕತ್ವ ಹುಟ್ಟುವುದೂ ಇಲ್ಲ, ಹೋಗುವುದೂ ಇಲ್ಲ ಎಂದು ಸುಪ್ರೀಂ ಕೋರ್ಟು ಹಲವು ತೀರ್ಪುಗಳಲ್ಲಿ ಹೇಳಿದೆ.

ಹಾಗಾಗಿ ಅಣ್ಣತಮ್ಮಂದಿರ ಹೆಸರು ಮಾತ್ರ 9ನೇ ಕಾಲಂಗೆ ಏರಿದರೆ ಅಕ್ಕತಂಗಿಯರ ಪಾಲು ಅಳಿಸಿಹೋಗುವುದಿಲ್ಲ. ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಎಂದು 2005ರ ತಿದ್ದುಪಡಿ ಹೇಳಿತು. ಆ ದಿನ ಅಪ್ಪ ಬದುಕಿರಬೇಕಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಆದರೂ ಸುಮ್ಮನಿದ್ದರೆ ಕಷ್ಟವಿದೆ. ಪಹಣಿ ನೋಡಿಯೇ ಬ್ಯಾಂಕು ಸಾಲ ಕೊಡುತ್ತದೆ, ಕೊಳ್ಳುವವರು ಮುಂಗಡ ಕೊಡುತ್ತಾರೆ. ಹೊಲ ಕೈದಾಟಿದ ಮೇಲೆ ಉಳಿಯುವುದು ಸಿವಿಲ್ ಕೋರ್ಟಿನ ದಾವೆ, ಅದಕ್ಕೆ ವರ್ಷಗಟ್ಟಲೆ ಅಲೆದಾಟ.

ಅದಕ್ಕೂ ಮುಂಚೆ ಕೈಯಲ್ಲಿರುವ ಆಯುಧ ತಕರಾರು. ಅರಬ್ಬಿಯಲ್ಲಿ 'ತಕ್ರಾರ್' ಅಂದರೆ ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುವುದು. ಅರಳಿಕಟ್ಟೆಯ ಜಗಳ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಚೇರಿಯಲ್ಲಿ ಮಾತ್ರ ಒಂದೇ ಸಲ ಹೇಳಿದರೆ ಸಾಕು, ಹೊತ್ತಿಗೆ ಸರಿಯಾಗಿ ಹೇಳಬೇಕು. ಖಾತೆ ಬದಲಾಯಿಸುವ ಮುಂಚೆ ನೋಟಿಸು ಹೊರಡಿಸುತ್ತಾರೆ, ಅದರಲ್ಲಿ ಆಕ್ಷೇಪಣೆಗೆ ದಿನ ಗೊತ್ತುಮಾಡಿರುತ್ತಾರೆ. ಅಷ್ಟರೊಳಗೆ ತಕರಾರು ಬಂದರೆ ಅದನ್ನು ವಿವಾದಿತ ಪ್ರಕರಣಗಳ ರಿಜಿಸ್ಟರಿಗೆ ಬರೆದುಕೊಂಡು ವಿಚಾರಣೆ ಮಾಡಬೇಕು. ಕಾಯ್ದೆಯಲ್ಲಿ ಬಾಯಿಮಾತಿನ ತಕರಾರಿಗೂ ಜಾಗವಿದೆ, ಆದರೆ ಬರೆದು ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ.